ಬ್ಲಡ್ ಬ್ಯಾಂಕಿನ ಸರ್ವರಕ್ಕ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸರ್ವರಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದ ನರ್ಸುಗಳು ಈಕೆ ಕ್ಯಾಂಟೀನಿನಲ್ಲಿ ಬಡಿಸುವವಳಿರಬೇಕೆಂದು ತಿಳಿದು, "ಅಕ್ಕ, ಇವತ್ತು ಏನೇನಿದೆ?" ಎಂದು ಕೇಳಿದ್ದುಂಟು. "ಎ ಪಾಸಿಟಿವ್ ಇದೆ, ಬಿ ಪಾಸಿಟಿವ್ ಇದೆ. ಯಾವುದು ಹಾಕ್ಲಿ?" ಎಂದು ಅವಳು ಮುಖ ಸಡಿಲಿಸದೆ ಹೇಳುತ್ತಿದ್ದಳು. ಅವರು ಪೆಚ್ಚಾಗಿ ನಿಂತಾಗ ಮೊದಲು ನಗುತ್ತಿದ್ದವಳೂ ಅವಳೇ.

ಅವಳು ಕೆಲಸಕ್ಕೆ ಬಂದದ್ದು ಬ್ಲಡ್ ಬ್ಯಾಂಕಿನ ಲ್ಯಾಬ್ ಟೆಕ್ನಿಷಿಯನ್ ಆಗಿ. ಎಕ್ಸ್‌ರೇ ವಿಭಾಗ ದಾಟಿದರೆ ಉದ್ದನೆಯ ಪಡಸಾಲೆ, ಅದರ ಕೊನೆಗೆ ಎರಡು ಕೋಣೆ. ಒಂದರಲ್ಲಿ ರಕ್ತದ ಚೀಲಗಳನ್ನು ಇಡುವ ದೊಡ್ಡ ಫ್ರಿಜ್ಜು ಹಗಲಿರುಳು ಗುಂಯ್‌ಗುಡುತ್ತಿತ್ತು. ಇನ್ನೊಂದರಲ್ಲಿ ಕಾಲು ಮುರಿದ ಸ್ಟ್ರೆಚರುಗಳನ್ನು ತುಂಬಿದ್ದರು. ಹೊರಗಿನ ಬೆಂಚಿನ ಮೇಲೆ ಯಾವಾಗಲೂ ಯಾರಾದರೊಬ್ಬರು ಚೀಟಿ ಹಿಡಿದುಕೊಂಡು ಕೂತಿರುತ್ತಿದ್ದರು. ಒಳಗಿದ್ದದ್ದು ಒಂದೇ ಫೋನು. ಅದು ಸದಾ ಎಂಗೇಜ್. ಯಾವ ಗುಂಪಿನ ರಕ್ತ ಇದೆ, ಯಾವುದು ಇಲ್ಲ ಎಂದು ತಿಳಿದುಕೊಳ್ಳಲು ಜನ ಊರಿನ ಆ ತುದಿಯಿಂದ ಈ ತುದಿಗೆ ಓಡಿ ಬರಬೇಕಿತ್ತು. ಬಂದಮೇಲೆ "ಇಲ್ಲ" ಎನ್ನಿಸಿಕೊಂಡು ಹೋಗಬೇಕಿತ್ತು. ಆ "ಇಲ್ಲ" ಹೇಳುವ ಕೆಲಸ ಅವಳದು. ಹೇಳಿ ಹೇಳಿ ಅವಳಿಗೆ ಸಾಕಾಗಿಹೋಗಿತ್ತು.

ಆ ಕಾಲಕ್ಕೆ ಆಸ್ಪತ್ರೆಗೆ ಯಾರೋ ಒಂದು ಕಂಪ್ಯೂಟರ್ ದಾನ ಕೊಟ್ಟರು. ಅದರಲ್ಲಿದ್ದದ್ದು ಎಲ್ಲೆಡೆ ಇರುವ ವಿಂಡೋಸ್ ಅಲ್ಲ, ಲಿನಕ್ಸ್. ಎಲ್ಲರಿಗೂ ಗೊತ್ತಿದ್ದ ಗುಂಡಿಗಳು, ಚಿತ್ರಗಳು ಅದರಲ್ಲಿ ಇರಲಿಲ್ಲ. ಕಪ್ಪು ಪರದೆ, ಮಿಣುಕುವ ಒಂದು ಗೆರೆ, ಅಷ್ಟೇ. ಆಡಳಿತದವರು ಲ್ಯಾಬಿಗೆ ತಳ್ಳಿದರು, ಲ್ಯಾಬಿನವರು ಔಷಧಿ ಉಗ್ರಾಣಕ್ಕೆ ತಳ್ಳಿದರು, ಕೊನೆಗೆ ಆ ಬೇಡದ ಕೂಸು ಮುರುಕು ಸ್ಟ್ರೆಚರುಗಳ ಕೋಣೆಗೆ ಬಂದು ಬಿತ್ತು. ಅವಳು ಸ್ಟ್ರೆಚರುಗಳನ್ನು ಒಂದು ಬದಿಗೆ ಸರಿಸಿ, ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂತಳು.

ಫ್ರಿಜ್ಜಿನ ಒಳಗೆ ಇರುವುದು ಊರಿಗೆಲ್ಲ ಕಾಣುವಂತೆ ಮಾಡಬೇಕು ಎಂಬುದು ಅವಳ ಹಟ. ವೆಬ್ ಸರ್ವರ್ ಅನ್ನುವುದು ಕೇಳಿದವರಿಗೆ ಕೇಳಿದ ಪುಟ ಎತ್ತಿಕೊಡುವ ಆಳು ಎಂದು ಅವಳಿಗೆ ಬೇಗ ತಿಳಿಯಿತು. ಆದರೆ ಆ ಆಳು ಬರೆದಿಟ್ಟ ಪುಟವನ್ನು ಮಾತ್ರ ಕೊಡುತ್ತದೆ. ಈ ಗಳಿಗೆಯಲ್ಲಿ ಎಷ್ಟು ಚೀಲ ಉಳಿದಿವೆ ಎಂದು ಲೆಕ್ಕ ಹಾಕಿ ಹೇಳಬೇಕಾದರೆ ಹಿಂದೆ ಒಂದು ಸಣ್ಣ ಪ್ರೋಗ್ರಾಮು, ಅಂದರೆ ಸ್ಕ್ರಿಪ್ಟು, ಓಡಬೇಕು. ಪುಸ್ತಕ ನೋಡಿಕೊಂಡು ಸ್ಕ್ರಿಪ್ಟನ್ನು ಹೇಗೋ ಬರೆದಳು. ಮೊದಲ ದಿನ ಪುಟ ತೆರೆದರೆ ಚೀಲಗಳ ಲೆಕ್ಕದ ಬದಲು ಅವಳು ಬರೆದ ಸ್ಕ್ರಿಪ್ಟಿನ ಸಾಲುಗಳೇ ಪರದೆಯ ತುಂಬ ಬಂದವು.

ಪಕ್ಕದಲ್ಲಿ ಇಣುಕಿ ನೋಡುತ್ತಿದ್ದ ಉಗ್ರಾಣದ ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕ, ಅಡುಗೆ ಮಾಡು ಅಂದ್ರೆ ಇದು ಅಡುಗೆ ಪುಸ್ತಕ ಓದ್ತಾ ಇದೆಯಲ್ಲ!"

"ನಗು, ನಗು. ಹೊಸ ಆಳು, ಹೇಳಿಕೊಡಬೇಕು," ಎಂದಳು ಅವಳು.

ಹೇಳಿಕೊಟ್ಟಳು. ಈ ಜಾಗದಲ್ಲಿರುವುದು ತೋರಿಸುವುದಕ್ಕಲ್ಲ, ಓಡಿಸುವುದಕ್ಕೆ ಎಂದು ಸರ್ವರಿನ ಸೆಟ್ಟಿಂಗಿನಲ್ಲಿ ಬರೆಯಬೇಕು. ಆ ಕಡತಕ್ಕೆ ಓಡುವ ಅನುಮತಿ ಕೊಡಬೇಕು. ಕಂಪ್ಯೂಟರಿನ ಯಾವ ಭಾಷೆಯಲ್ಲಿ ಓದಿಕೊಳ್ಳಬೇಕು ಎಂದು ಅದರ ಮೊದಲ ಸಾಲಿನಲ್ಲೇ ಹೇಳಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಅದು ಮುಖ ತಿರುಗಿಸಿ ಕೂರುತ್ತದೆ. ಅವಳು ಅದನ್ನು ಬೈದಳು, ಮುದ್ದಿಸಿದಳು, ಮತ್ತೆ ಬೈದಳು. ಪಡಸಾಲೆಯಲ್ಲಿ ಹೋಗುವವರು ಒಳಗೆ ಯಾರೋ ಇಬ್ಬರು ಜಗಳವಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಕಡೆಗೊಂದು ದಿನ ಪುಟ ಸರಿಯಾಗಿ ಬಂತು. ಆಮೇಲೆ ವರ್ಷಗಟ್ಟಲೆ ಊರಿನ ಆಸ್ಪತ್ರೆಗಳು, ಆಂಬುಲೆನ್ಸಿನವರು, ಬೆಂಚಿನ ಮೇಲೆ ಕೂರುತ್ತಿದ್ದ ಜನ, ಎಲ್ಲರೂ ಆ ಪುಟವನ್ನು ನೋಡಿ ಬರುತ್ತಿದ್ದರು. ಬೆಂಚು ಮುಕ್ಕಾಲು ಖಾಲಿಯಾಯಿತು. ಅವಳ ಹೆಸರು ಯಾರಿಗೂ ಬೇಡವಾಗಿ, ಸರ್ವರಕ್ಕ ಎಂಬುದೇ ನಿಂತಿತು.

ಅವಳ ಗಂಡ ಟೌನ್ ಬಸ್ಸಿನ ಡ್ರೈವರು. ಮಾತು ಕಡಿಮೆ. ಮನೆಯ ಮಾತನ್ನೆಲ್ಲ ಅವಳೇ ಆಡುತ್ತಿದ್ದಳು; ಉಳಿದದ್ದೇನಾದರೂ ಇದ್ದರೆ ಅವನ ತಾಯಿ ಆಡುತ್ತಿದ್ದಳು. ಅತ್ತೆಗೆ ವಯಸ್ಸಾಗಿತ್ತು, ಕಾಲು ಸೋತಿತ್ತು, ನಾಲಿಗೆ ಮಾತ್ರ ಕತ್ತರಿಯ ಹಾಗೆ ಆಡುತ್ತಿತ್ತು. "ನಮ್ಮನೆ ಸೊಸೆ ಆಸ್ಪತ್ರೇಲಿ ಮಿಷನ್ ಜೊತೆ ಮಾತಾಡ್ತಾಳಂತೆ. ಮನೇಲಿ ನನ್ನ ಜೊತೆ ಮಾತಾಡೋಕೆ ಪುರುಸೊತ್ತಿಲ್ಲ," ಎಂದು ಪಕ್ಕದ ಮನೆಯವರಿಗೆ ದೂರುತ್ತಿದ್ದಳು. ದೂರಿನೊಳಗೆ ಹೆಮ್ಮೆ ಎಷ್ಟಿತ್ತೆಂಬುದು ಕೇಳಿದವರಿಗೆಲ್ಲ ಗೊತ್ತಾಗುತ್ತಿತ್ತು.

ಅದು ಆದದ್ದು ಒಂದು ಮಧ್ಯಾಹ್ನ, ಕೆಲಸದ ಕೋಣೆಯಲ್ಲೇ. ಗುಮಾಸ್ತನಿಗೆ ಏನನ್ನೋ ವಿವರಿಸುತ್ತಿದ್ದವಳು ಫ್ಯಾನಿನ ಕಡೆ ಕೈ ತೋರಿಸಿ, "ಆ ಚಮಚ ಸ್ವಲ್ಪ ಆರಿಸು," ಎಂದಳು. ಅವನು ತಮಾಷೆ ಎಂದುಕೊಂಡು ನಕ್ಕ. "ಚಮಚ, ಚಮಚ," ಎಂದು ಅವಳು ರೇಗಿದಳು. ಬಾಯಿಯ ಬಲಮೂಲೆ ಜೋತುಬಿದ್ದಿತ್ತು. ಏಳಲು ಹೋದವಳು ಸ್ಟೂಲಿನ ಸಮೇತ ಪಕ್ಕಕ್ಕೆ ವಾಲಿದಳು. ಅವನು ಹಿಡಿದುಕೊಂಡ. ಆ ಕೋಣೆಯಲ್ಲೇ ಉಳಿದಿದ್ದ ಒಂದು ಹಳೆಯ ಸ್ಟ್ರೆಚರಿನ ಮೇಲೆ ಮಲಗಿಸಿ ಇಬ್ಬರು ವಾರ್ಡ್‌ಬಾಯ್‌ಗಳು ಎತ್ತಿಕೊಂಡು ಓಡಿದರು.

ಲಕ್ವ ಹೊಡೆದದ್ದು ಆಸ್ಪತ್ರೆಯ ಒಳಗೇ ಆದ್ದರಿಂದ ಜೀವ ಉಳಿಯಿತು. ಕಾಲು ಬೇಗ ಸುಧಾರಿಸಿತು, ಬಲಗೈ ನಿಧಾನವಾಗಿ ಬಂತು. ಮಾತು ಮಾತ್ರ ಬರಲಿಲ್ಲ. ಬರಲಿಲ್ಲ ಎನ್ನುವುದಕ್ಕಿಂತ, ಬಂದದ್ದೆಲ್ಲ ಅದಲು ಬದಲಾಗಿ ಬಂತು. ಹಾಲು ಎನ್ನಲು ಹೋದರೆ ಬಾಗಿಲು ಎಂದು ಬರುತ್ತಿತ್ತು. ಹೌದು ಎನ್ನಬೇಕಾದಲ್ಲಿ ಅಲ್ಲ. ಹೇಳಬೇಕಾದದ್ದು ತಲೆಯಲ್ಲಿ ಸರಿಯಾಗೇ ಇರುತ್ತಿತ್ತು. ಬಾಯಿಂದ ಹೊರಬಿದ್ದದ್ದನ್ನು ಕೇಳಿ ಅವಳೇ ಬೆಚ್ಚುತ್ತಿದ್ದಳು. ಆಡಿದ ಮಾತು ತಪ್ಪೆಂದು ಕೆಲವೊಮ್ಮೆ ಅವಳಿಗೇ ಗೊತ್ತಾಗುತ್ತಿರಲಿಲ್ಲ. ಅದು ಇನ್ನೂ ಕಷ್ಟದ್ದು.

ಬಿಡುಗಡೆಯ ದಿನ ನರರೋಗದ ಡಾಕ್ಟರು ಗಂಡನನ್ನು ಹೊರಗೆ ಕರೆದು ಹೇಳಿದರು: "ಮಾತಷ್ಟೇ ಅಲ್ಲ ನೋಡಿ. ಓದೋವಾಗ, ಬರೆಯೋವಾಗಲೂ ಒಂದರ ಬದಲು ಇನ್ನೊಂದು ಆಗ್ಬಹುದು. ಅದು ಅವರಿಗೆ ಕಾಣ್ಸೋದೂ ಇಲ್ಲ. ಸ್ವಲ್ಪ ಗಮನ ಇರ್ಲಿ."

ಅವನು ತಲೆಯಾಡಿಸಿದ. ಮನೆಗೆ ಬಂದು ಆ ಮಾತನ್ನು ಯಾರಿಗೂ ಹೇಳಲಿಲ್ಲ. ಇರುವ ಕಷ್ಟವೇ ಹಾಸಿ ಹೊದೆಯುವಷ್ಟಿತ್ತು. ಹೋಗ್ತಾ ಹೋಗ್ತಾ ಸರಿಹೋಗುತ್ತದೆ ಎಂದುಕೊಂಡ.

ಮನೆಯಲ್ಲಿ ಈಗ ಮಾತು ಅತ್ತೆಯದೊಂದೇ. ಸೊಸೆ "ಕುರ್ಚಿ" ಎಂದರೆ ಅತ್ತೆ ಸಲೀಸಾಗಿ ಬಾಚಣಿಗೆ ಎತ್ತಿಕೊಡುತ್ತಿದ್ದಳು. ಅದು ಸರಿಯಾಗಿಯೇ ಇರುತ್ತಿತ್ತು. ಹೇಗೆ ಗೊತ್ತಾಯಿತು ಎಂದು ಮಗ ಕೇಳಿದರೆ, "ಕೆದರಿದ ತಲೆ ಇಟ್ಕೊಂಡು ಕುರ್ಚಿ ಯಾರು ಕೇಳ್ತಾರೋ? ನನಗೇನು ಕಣ್ಣಿಲ್ವಾ?" ಎನ್ನುತ್ತಿದ್ದಳು. ವಾರಕ್ಕೊಮ್ಮೆ ಮಾತು ಕಲಿಸುವ ಟೀಚರ್ ಬಳಿಗೆ ಹೋಗಬೇಕು. ಅಲ್ಲಿ ಕೋಳಿ, ಛತ್ರಿ, ಗಡಿಯಾರದ ಚಿತ್ರಗಳನ್ನು ಮುಂದಿಟ್ಟು ಹೇಳಿಸುತ್ತಿದ್ದರು. ತಪ್ಪಿದಾಗ ಅವಳು ಚಿತ್ರಗಳನ್ನು ಮಗುಚಿ ಹಾಕಿ ಗೋಡೆ ನೋಡುತ್ತ ಕೂರುತ್ತಿದ್ದಳು. ಊರಿಗೆಲ್ಲ ಮಾತು ಹಂಚುತ್ತಿದ್ದ ಹೆಂಗಸು ಕೋಳಿ ಎನ್ನಲಾರದೆ ಅಳುವುದನ್ನು ನೋಡಲಾರದೆ ಗಂಡ ಹೊರಗೆ ಹೋಗಿ ನಿಲ್ಲುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಗುಮಾಸ್ತ ಮನೆಗೆ ಬಂದ. ಅವಳ ಕೆಲಸವನ್ನು ಅವನ ಹೆಗಲಿಗೆ ಹೊರಿಸಿದ್ದರು. ಉಗ್ರಾಣದ ಲೆಕ್ಕ ಬಲ್ಲವನೇ ಹೊರತು ಸರ್ವರಿನ ಗಂಧಗಾಳಿ ಅವನಿಗಿರಲಿಲ್ಲ. ಹಳೆಯ ಕಂಪ್ಯೂಟರ್ ಕೆಟ್ಟುಹೋಗಿ ಹೊಸದು ಬಂದಿತ್ತು. ಹಳೆಯದರ ಕಡತಗಳನ್ನೆಲ್ಲ ಹೇಗೋ ತುಂಬಿದ್ದ. ಪುಟ ಮಾತ್ರ ಏಳುತ್ತಿರಲಿಲ್ಲ.

"ಮತ್ತೆ ಅಡುಗೆ ಪುಸ್ತಕ ಓದ್ತಾ ಇದೆ ಅಕ್ಕ," ಎಂದ. ನಗಲು ನೋಡಿದ, ಆಗಲಿಲ್ಲ. "ಫೋನು ಬಡ್ಕೊಳ್ತಾನೇ ಇರುತ್ತೆ. ಬೆಂಚು ಮತ್ತೆ ತುಂಬಿದೆ. ನಿಮ್ಮನ್ನ ಕೇಳೋಕೆ ಮುಖ ಇಲ್ಲ ನನಗೆ. ಆದ್ರೂ ಬಂದೆ."

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಬೆರಳುಗಳು ಮಡಿಲಲ್ಲಿ ತಾವಾಗಿ ಆಡಿದವು, ಕೀಲಿಮಣೆಯ ಮೇಲೆ ಆಡುವ ಹಾಗೆ. ಅದನ್ನು ಕಂಡ ಗಂಡನ ಎದೆ ಅರಳಿತು. ಎಷ್ಟೋ ತಿಂಗಳಿನಿಂದ ಅವಳ ಕೈ ಯಾವುದಕ್ಕೂ ಹಾಗೆ ಹಾತೊರೆದಿರಲಿಲ್ಲ.

"ಹೋಗ್ಲಿ ಬಿಡಿ, ಒಂದ್ಸಲ ಬರ್ತಾಳೆ," ಎಂದ ಅವನು. "ಬಾಯಿ ಮರೆತಿರ್ಬಹುದು, ಕೈ ಏನೂ ಮರೆತಿಲ್ಲ."

"ಹುಷಾರಿಲ್ಲದೋಳನ್ನ ಯಾಕೋ ಎಳ್ಕೊಂಡು ಹೋಗ್ತೀಯ?" ಎಂದು ಒಳಗಿನಿಂದ ಅತ್ತೆ ಕೂಗಿದಳು. "ಅವಳು ಬಾಚಣಿಗೆಗೆ ಕುರ್ಚಿ ಅಂತಾಳೆ. ಅಲ್ಲಿ ಏನೇನಕ್ಕೆ ಏನೇನ್ ಅಂತಾಳೋ!"

"ಸುಮ್ನಿರಮ್ಮ. ಅಲ್ಲಿ ಮಾತಾಡೋದೇನಿದೆ?"

ಮರುದಿನ ಅವನೇ ರಜೆ ಹಾಕಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಪಡಸಾಲೆಯಲ್ಲಿ ನರ್ಸುಗಳು ಓಡಿ ಬಂದು ಕೈ ಹಿಡಿದುಕೊಂಡರು. ಅವಳು ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು. ಕೋಣೆಗೆ ಬಂದು ಹೊಸ ಯಂತ್ರದ ಮುಂದೆ ಕೂತು ಸೆರಗು ಸರಿಮಾಡಿಕೊಂಡಳು. ಕಪ್ಪು ಪರದೆಯ ಮೇಲೆ ಗೆರೆ ಮಿಣುಕಿತು.

ಆಮೇಲೆ ನಡೆದದ್ದನ್ನು ಗುಮಾಸ್ತ ಬಹಳ ಕಾಲ ಮರೆಯಲಿಲ್ಲ. ಅವಳ ಕೈ ಮೊದಮೊದಲು ತಡವರಿಸಿತು. ಒಮ್ಮೆ ಓಟಕ್ಕೆ ಬಿದ್ದಮೇಲೆ ನಿಲ್ಲಲಿಲ್ಲ. ಸ್ಕ್ರಿಪ್ಟು ಓಡಿಸುವ ಭಾಗವನ್ನೇ ಹೊಸ ಸರ್ವರಿನಲ್ಲಿ ಯಾರೂ ಚಾಲೂ ಮಾಡಿರಲಿಲ್ಲ, ಮಾಡಿದಳು. ಜಾಗ ಗುರುತಿಸಿ ಬರೆದಳು. ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಳು. ಪುಟ ಈಗ ಸಾಲುಗಳನ್ನು ತೋರಿಸಲಿಲ್ಲ, ಅನುಮತಿ ಇಲ್ಲ ಎಂದಿತು. ಅನುಮತಿ ಕೊಟ್ಟಳು, ಎಲ್ಲರಿಗೂ ಎಲ್ಲವನ್ನೂ ಅಲ್ಲ, ಎಷ್ಟು ಬೇಕೋ ಅಷ್ಟೇ. ಈಗ ಸರ್ವರಿನ ಒಳಗೇ ಏನೋ ದೋಷ ಎಂದಿತು. ದೂರುಗಳನ್ನು ಬರೆದಿಡುವ ಲಾಗ್ ಕಡತವನ್ನು ತೆರೆದು ನೋಡಿದರೆ, ಅಂಥ ಕಡತವೇ ಇಲ್ಲ ಎಂದು ಅಲ್ಲಿತ್ತು. ಕಡತ ಕಣ್ಣೆದುರೇ ಇತ್ತು!

ಗುಮಾಸ್ತ ತಲೆ ಕೆರೆದುಕೊಂಡ. ಅವಳು ಇದ್ದಕ್ಕಿದ್ದಂತೆ ನಕ್ಕಳು. ಕೋಣೆಯ ಮೂಲೆಯಲ್ಲಿದ್ದ ಅವನ ಮೇಜಿನ ಕಂಪ್ಯೂಟರಿನ ಕಡೆ ಬೆರಳು ಮಾಡಿ, ಕಿವಿ ಹಿಂಡುವಂತೆ ಸನ್ನೆ ಮಾಡಿದಳು. ಅವನು ಕಡತಗಳನ್ನು ತನ್ನ ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದು ಉಳಿಸಿ ಸಾಗಿಸಿದ್ದ. ಆಗ ಪ್ರತಿ ಸಾಲಿನ ಬಾಲಕ್ಕೂ ಕಣ್ಣಿಗೆ ಕಾಣದ ಒಂದು ಚಿಹ್ನೆ ಅಂಟಿಕೊಂಡಿತ್ತು. ಮೊದಲ ಸಾಲಿನಲ್ಲಿ ಹೇಳಿದ ಭಾಷೆಯ ಹೆಸರಿಗೂ ಆ ಬಾಲ ಸೇರಿ, ಅಂಥದ್ದು ಎಲ್ಲಿದೆ ಎಂದು ಲಿನಕ್ಸ್ ಹುಡುಕುತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವಳು ಆ ಬಾಲಗಳನ್ನು ತೆಗೆದುಹಾಕಿದಳು.

ಉಳಿದದ್ದು ಒಂದೇ ತೊಡಕು. ಹೊಸ ಯಂತ್ರದಲ್ಲಿದ್ದ ಭಾಷೆಯೂ ಹೊಸ ಆವೃತ್ತಿಯದು. ಪರದೆಗೆ ಬರೆಯುವ ಸಾಲುಗಳನ್ನು ಅದು ಬೇರೆ ರೀತಿಯಲ್ಲಿ ಬರೆಯಲು ಕೇಳುತ್ತಿತ್ತು. ಅವಳು ಆ ಸಾಲುಗಳನ್ನು ಒಂದೊಂದಾಗಿ ಅಳಿಸಿ, ಒಂದೊಂದಾಗಿ ಬರೆದಳು. ಆ ಹೊತ್ತಿಗೆ ಗುಮಾಸ್ತ ಬಾಗಿಲಲ್ಲಿ ನಿಂತು ಫೋನಿನಲ್ಲಿ ಯಾರಿಗೋ "ಆಯ್ತು, ಆಗ್ತಾ ಬಂತು," ಎನ್ನುತ್ತಿದ್ದ. ಗಂಡ ಚಹಾ ತರಲು ಹೋಗಿದ್ದ.

ಪುಟ ಬಂತು. ಗುಂಪುಗಳ ಹೆಸರು, ಎದುರಿಗೆ ಚೀಲಗಳ ಸಂಖ್ಯೆ. ಗುಮಾಸ್ತ ಚಪ್ಪಾಳೆ ತಟ್ಟಿದ. ದೊಡ್ಡ ಡಾಕ್ಟರೇ ಬಂದು ನೋಡಿ, "ಇನ್ನು ನಿಧಾನಕ್ಕೆ ಕೆಲಸಕ್ಕೆ ಬರೋಕೆ ಶುರು ಮಾಡಿ," ಎಂದರು. ಚಹಾ ಹಿಡಿದು ಬಂದ ಗಂಡನ ಕಣ್ಣು ತುಂಬಿತ್ತು. ಅವಳು ಅವನ ಕೈಯಿಂದ ಲೋಟ ತೆಗೆದುಕೊಂಡು, "ಬಿಸಿ," ಎಂದಳು. ಸರಿಯಾದ ಮಾತು! ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ಅದನ್ನೇ ಹೇಳಿಕೊಂಡು ಬಂದ: "ಬಿಸಿ ಅಂದೆ ನೀನು. ಕೇಳಿಸ್ಕೊಂಡ್ಯಾ? ಬಿಸಿ ಅಂದೆ."

ಆ ಸಂತೋಷ ಆ ವಾರವನ್ನೂ ದಾಟಲಿಲ್ಲ.

ಅವಳು ಬೆಳಗಿನ ಹೊತ್ತು ಸ್ವಲ್ಪ ಕಾಲ ಬಂದು ಕೂರತೊಡಗಿದ್ದಳು. ಒಂದು ದಿನ ಪಡಸಾಲೆಯಲ್ಲಿ ಗಲಾಟೆ ಕೇಳಿಸಿತು. ಮೈಮೇಲೆಲ್ಲ ಮರದ ಹೊಟ್ಟು ಅಂಟಿಕೊಂಡಿದ್ದ ಒಬ್ಬ ಗಂಡಸು ಕೌಂಟರಿನ ಕಿಟಕಿಗೆ ಜೋತುಬಿದ್ದು ಕೂಗುತ್ತಿದ್ದ. ಅವನ ಹೆಂಡತಿಗೆ ಊರಾಚೆಯ ಹೆರಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಬೇಕಾದದ್ದು ಓ ನೆಗೆಟಿವ್. ಸಿಗುವುದೇ ಅಪರೂಪ. ಅಲ್ಲಿಯವರು ಈ ಪುಟ ನೋಡಿ, ಧಾರಾಳವಾಗಿದೆ, ಓಡು ಎಂದು ಕಳುಹಿಸಿದ್ದರು. ಕೌಂಟರಿನಲ್ಲಿದ್ದವಳು ಫ್ರಿಜ್ಜು ತೆರೆದು ನೋಡಿದರೆ ಒಂದೂ ಇರಲಿಲ್ಲ.

"ನೀವೇ ಹಾಕಿದ್ದೀರಲ್ರೀ ಇದೆ ಅಂತ! ಪಕ್ಕದ ಆಸ್ಪತ್ರೆಗೆ ಹೋಗ್ಬೇಕು ಅಂತಿದ್ದೋನು ಇದನ್ನ ನಂಬಿ ಇಷ್ಟು ದೂರ ಬಂದೆ! ಡಿಪೋ ಹಿಂದೆ ಬಡಗಿ ಕೆಲಸ ಮಾಡೋನು ನಾನು, ನಂಗೆ ಇದೆಲ್ಲ ಗೊತ್ತಾಗಲ್ಲ. ಬರೆದದ್ದನ್ನ ನಂಬೋದೂ ತಪ್ಪಾ?"

ಗುಮಾಸ್ತ ಫೋನಿನ ಮೇಲೆ ಫೋನು ಮಾಡಿದ. ಆ ಪಕ್ಕದ ಆಸ್ಪತ್ರೆಯಲ್ಲೇ ರಕ್ತ ಸಿಕ್ಕಿತು. ಬಡಗಿ ಬಂದ ದಾರಿಯಲ್ಲೇ ವಾಪಸ್ ಓಡಿದ. ಹೋಗಿಬಂದ ಹೊತ್ತಷ್ಟೂ ಅವನ ಹೆಂಡತಿಯ ಲೆಕ್ಕದಲ್ಲಿ ಕಳೆದುಹೋಗಿತ್ತು.

ಗುಮಾಸ್ತ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಸ್ಕ್ರಿಪ್ಟು ತೆರೆದು ಸಾಲು ಸಾಲಾಗಿ ಬೆರಳಿಟ್ಟು ಓದಿದ. ಒಂದು ಕಡೆ ಬೆರಳು ನಿಂತಿತು. ಓ ಪಾಸಿಟಿವ್ ಎಂಬ ಹೆಸರಿನ ಎದುರು ನೆಗೆಟಿವ್‌ನ ಲೆಕ್ಕ, ನೆಗೆಟಿವ್ ಎಂಬ ಹೆಸರಿನ ಎದುರು ಪಾಸಿಟಿವ್‌ನ ಲೆಕ್ಕ. ಸಾಲುಗಳನ್ನು ಮತ್ತೆ ಬರೆಯುವಾಗ ಅದಲು ಬದಲಾಗಿತ್ತು.

"ಅಕ್ಕ," ಎಂದು ಮೆಲ್ಲಗೆ ಕರೆದ. "ಇಲ್ಲಿ ನೋಡಿ."

ಅವಳು ನೋಡಿದಳು. ಅವನ ಮುಖ ನೋಡಿದಳು. ಮತ್ತೆ ಪರದೆ ನೋಡಿದಳು. ಏನಾಗಿದೆ ಎಂಬಂತೆ ಕೈ ತಿರುಗಿಸಿದಳು.

"ಈ ಎರಡು ಸಾಲು ಅಕ್ಕ. ಇಲ್ಲಿ ಪಾಸಿಟಿವ್, ಅಲ್ಲಿ ನೆಗೆಟಿವ್. ತಿರುಗಾಮುರುಗಾ ಆಗಿದೆ."

ಅವಳು ಬಗ್ಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರದಿಂದ ನೋಡಿದಳು. ಸಾಲುಗಳು ಸರಿಯಾಗಿಯೇ ಇದ್ದವು. ಅವಳ ಕಣ್ಣಿಗೆ ಸರಿಯಾಗಿಯೇ ಇದ್ದವು. ಅವನು ತಿದ್ದಿ ತೋರಿಸಿದ. ಅವಳಿಗೆ ಮೊದಲಿನದಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಅವನು ತಮಾಷೆ ಮಾಡುತ್ತಿಲ್ಲ ಎಂಬುದು ಮಾತ್ರ ಅವನ ದನಿಯಿಂದ ತಿಳಿಯಿತು. ಅವಳು ಕುರ್ಚಿಯಿಂದ ಎದ್ದು, ಬೆಂಕಿಯಿಂದ ಸರಿಯುವವರ ಹಾಗೆ ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿದಳು.

ಸಂಜೆಯ ಹೊತ್ತಿಗೆ ಸುದ್ದಿ ಬಂತು. ತಾಯಿ ಉಳಿದಿದ್ದಳು, ಮಗುವೂ ಉಳಿದಿತ್ತು. ರಕ್ತ ನಿಲ್ಲಿಸಲು ಗರ್ಭಕೋಶವನ್ನೇ ತೆಗೆಯಬೇಕಾಗಿ ಬಂದಿತ್ತು. ಬೇಗ ರಕ್ತ ಕೊಟ್ಟಿದ್ದರೆ ಅದು ತಪ್ಪುತ್ತಿತ್ತೇ? ಆಗಲೂ ತೆಗೆಯಬೇಕಾಗುತ್ತಿತ್ತೇನೋ, ಹೇಳಲಾಗದು ಎಂದರಂತೆ ಅಲ್ಲಿಯ ಡಾಕ್ಟರು. ಆ ಹೇಳಲಾಗದು ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಉಳಿಯಿತು.

ದೊಡ್ಡ ಡಾಕ್ಟರು ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಬಡಗಿಯ ಕಡೆಯವರು ದೂರು ಕೊಟ್ಟಿದ್ದರು. "ಪುಟಕ್ಕೆ ಇಬ್ಬರೂ ಕೈ ಹಾಕಿದ್ದೀರಿ. ಈ ಸಾಲುಗಳನ್ನ ಬರೆದದ್ದು ಯಾರು?" ಎಂದು ಕೇಳಿದರು.

ಗುಮಾಸ್ತ ನೆಲ ನೋಡುತ್ತಿದ್ದ. ಹೇಳಲೂ ಆರ, ಬಿಡಲೂ ಆರ.

ಅವಳು ಒಂದು ಹೆಜ್ಜೆ ಮುಂದೆ ಬಂದಳು. ನಾನು ಎನ್ನಬೇಕಿತ್ತು. ದಾರಿಯುದ್ದಕ್ಕೂ ಆ ಒಂದು ಮಾತನ್ನೇ ಬಾಯಲ್ಲಿಟ್ಟುಕೊಂಡು ಬಂದಿದ್ದಳು. ಬಾಯಿ ತೆರೆದಳು.

"ಅವನು."

ಗುಮಾಸ್ತ ತಟ್ಟನೆ ತಲೆಯೆತ್ತಿದ.

"ಅವನು! ಅವನು!" ಅವಳು ಎದೆ ಬಡಿದುಕೊಂಡಳು. ಎಷ್ಟು ಬಡಿದುಕೊಂಡರೂ ಅದೇ ಮಾತು.

"ನೋಡಿ, ಅವರೇ ಹೇಳ್ತಾ ಇದ್ದಾರೆ," ಎಂದರು ಡಾಕ್ಟರು ಗುಮಾಸ್ತನ ಕಡೆ ತಿರುಗಿ. "ಇದಕ್ಕೇನು ಹೇಳ್ತೀರಿ?"

ಅವಳಿಗೆ ಏನು ತೋಚಿತೋ. ಎರಡೂ ಕೈಯಿಂದ ಗುಮಾಸ್ತನ ಬೆನ್ನು ಹಿಡಿದು ದೂಡಿದಳು. ಸೋತಿದ್ದ ಬಲಗೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಬಾಗಿಲ ತನಕ ದೂಡಿಕೊಂಡು ಹೋಗಿ, ಹೊರಗೆ ನಿಲ್ಲಿಸಿ, ಬಾಗಿಲು ಹಾಕಿದಳು. ತಿರುಗಿ ಬಂದು ಡಾಕ್ಟರ ಎದುರಿನ ಒಂಟಿ ಕುರ್ಚಿಯಲ್ಲಿ ಕೂತು, ಎರಡೂ ಅಂಗೈಯನ್ನು ಮೇಜಿನ ಮೇಲೆ ಅಗಲವಾಗಿ ಚಾಚಿ ಇಟ್ಟಳು.

ಡಾಕ್ಟರು ದೂರಿನ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, "ನಿಮ್ಮನ್ನ ಬೈಯೋಕೆ ನನಗೆ ಬಾಯಿ ಬರಲ್ಲಮ್ಮ. ನಿಮ್ಮನ್ನ ಕೂರಿಸಿದ್ದೇ ನಮ್ಮ ತಪ್ಪು," ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ತಿನ್ನುವ ಹಕ್ಕೂ ಹೋಯಿತಲ್ಲ ಎಂದು ಅವಳು ಕೂತಲ್ಲೇ ಕುಗ್ಗಿದಳು.

ಗುಮಾಸ್ತನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಸರ್ವರಿನ ಕೆಲಸ ಹೊರಗಿನವರಿಗೆ ಹೋಯಿತು. ಅವಳಿಗೆ ಅನಾರೋಗ್ಯದ ಮೇಲೆ ನಿವೃತ್ತಿಯಾಯಿತು. ಬೀಳ್ಕೊಡುಗೆಗೆ ಕರೆದರು, ಹೋಗಲಿಲ್ಲ.

ಮನೆಯಲ್ಲಿ ಅವಳು ತೀರಾ ಮೌನವಾದಳು. ತಪ್ಪು ಮಾತನ್ನೂ ಆಡದಾದಳು. ಗಂಡನಿಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವನು ಸಮವಸ್ತ್ರವನ್ನೂ ಬಿಚ್ಚದೆ ಅವಳ ಎದುರು ನೆಲದ ಮೇಲೆ ಕೂತ. "ಡಾಕ್ಟ್ರು ನಂಗೆ ಮೊದ್ಲೇ ಹೇಳಿದ್ರು," ಎಂದ. "ಬರೆಯೋದರಲ್ಲೂ ಹೀಗಾಗುತ್ತೆ, ಅದು ನಿಂಗೆ ಕಾಣ್ಸಲ್ಲ ಅಂತ. ನಾನು ಹೇಳ್ಲಿಲ್ಲ. ನಿನ್ ಬೆರಳು ಆಡಿದ್ದು ನೋಡಿ ಆಸೆ ಆಯ್ತು."

ಅವಳು ಅವನನ್ನು ದಿಟ್ಟಿಸಿದಳು. ಕೆನ್ನೆಗೆ ಹೊಡೆಯುವಳೇನೋ ಎಂಬಂತೆ ಕೈ ಎತ್ತಿದಳು. ಎತ್ತಿದ ಕೈ ಅವನ ಹೆಗಲ ಮೇಲೆ ಭಾರವಾಗಿ ಬಿತ್ತು, ಅಲ್ಲೇ ಉಳಿಯಿತು. ಕ್ಷಮಿಸಿದ್ದೋ, ಇನ್ನು ಎತ್ತಲು ಶಕ್ತಿಯಿರಲಿಲ್ಲವೋ, ಅವನಿಗೆ ತಿಳಿಯಲಿಲ್ಲ. ಒಳಗೆ ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದ್ದಳು.

ಅದಾಗಿ ಕೆಲವು ತಿಂಗಳ ಮೇಲೆ ಅವಳು ಒಬ್ಬಳೇ ಮನೆಯಿಂದ ಹೊರಟಳು. ಗಂಡ ಓಡಿಸುವ ಮಾರ್ಗ ಬಿಟ್ಟು ಬೇರೆ ಬಸ್ಸು ಹತ್ತಿದಳು. ಕಂಡಕ್ಟರಿಗೆ ಮಾತಾಡದೆ ಡಿಪೋದ ಫಲಕದ ಕಡೆ ಕೈ ತೋರಿಸಿ ಇಳಿದುಕೊಂಡಳು. ಹಿಂದಿನ ಬೀದಿಯಲ್ಲಿ ಹಲಗೆಗಳು ಗೋಡೆಗೆ ಒರಗಿ ನಿಂತಿದ್ದವು, ಹಸಿ ಮರದ ವಾಸನೆಯಿತ್ತು. ಬಡಗಿಯ ಅಂಗಡಿಗೆ ಬೀಗ ಹಾಕಿತ್ತು, ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಎದುರು ಬದಿಯಲ್ಲಿ ಬಿಸಿಲಿಗೇ ನಿಂತಳು. ಹೇಳಬೇಕಾದದ್ದು ಎರಡೇ ಮಾತು, ತಪ್ಪು ನನ್ನದು. ಅದನ್ನು ಟೀಚರ್ ಹೇಳಿಕೊಟ್ಟ ಹಾಗೆ ಒಂದೊಂದೇ ಅಕ್ಷರವಾಗಿ ಬಾಯೊಳಗೇ ಹೊರಳಿಸುತ್ತಿದ್ದಳು.

ಹೆಗಲ ಮೇಲೆ ಮಗುವನ್ನು ಹಾಕಿಕೊಂಡು ಒಬ್ಬ ಹೆಂಗಸು ಹೊರಗೆ ಬಂದಳು. ಇನ್ನೂ ಸಣ್ಣ ವಯಸ್ಸು. ಮುಖ ಬಿಳಿಚಿಕೊಂಡಿತ್ತು. ನಿಂತವಳನ್ನು ನೋಡಿ ಬೀದಿ ದಾಟಿ ಬಂದಳು.

"ಯಾರು ಬೇಕಿತ್ತಮ್ಮ?"

ಸರ್ವರಕ್ಕ ಬಾಯಿ ತೆರೆದಳು. ಮಗು ತಲೆಯೆತ್ತಿ ಅವಳನ್ನೇ ನೋಡಿತು.

"ನೀರು," ಎಂದಳು. ಗಾಬರಿಯಾಗಿ ತಲೆಯಾಡಿಸಿದಳು. "ನೀರು ನನ್ನ. ನನ್ನ ನೀರು."

"ಅಯ್ಯೋ, ಬಿಸಿಲಲ್ಲಿ ನಿಂತು ಸುಸ್ತಾಗಿದೀರ. ಬನ್ನಿ, ಒಳಗೆ ಬನ್ನಿ," ಎಂದು ಆ ಹೆಂಗಸು ಕೈ ಹಿಡಿದು ಕರೆದೊಯ್ದು ಹೊಸ್ತಿಲ ಬಳಿಯ ಬೆಂಚಿನ ಮೇಲೆ ಕೂರಿಸಿದಳು. ಮಗುವನ್ನು ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿಸಿ, ಒಳಗೆ ಹೋಗಿ ದೊಡ್ಡ ಲೋಟದ ತುಂಬ ನೀರು ತಂದಳು. ನಡೆಯುವಾಗ ಒಂದು ಕೈ ಹೊಟ್ಟೆಯ ಮೇಲಿತ್ತು.

"ನಿಧಾನಕ್ಕೆ ಕುಡೀರಿ. ನಿಮ್ಮವರು ಯಾರಾದ್ರೂ ಜೊತೆಗೆ ಬಂದಿದ್ದಾರಾ? ಫೋನ್ ಮಾಡ್ಲಾ?"

ಅವಳು ಬೇಡವೆಂದು ತಲೆಯಾಡಿಸಿದಳು. ನೀರನ್ನು ಪೂರ್ತಿ ಕುಡಿದಳು. ಮಗು ಗಾಳಿಯಲ್ಲಿ ಕಾಲು ಬಡಿಯುತ್ತಿತ್ತು. ಅದನ್ನು ಮುಟ್ಟಲು ಬಗ್ಗಿದವಳು ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡಳು. ಲೋಟ ಕೆಳಗಿಟ್ಟು ಎದ್ದು, ಆ ಹೆಂಗಸಿನ ಎರಡೂ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡಳು. "ಒಂದು ಲೋಟ ನೀರಿಗೆ ಯಾಕಮ್ಮ ಇಷ್ಟೊಂದು," ಎಂದು ಆಕೆ ಮುಜುಗರದಿಂದ ನಕ್ಕು, ಬಸ್ ಸ್ಟಾಪಿನ ತನಕ ದಾರಿ ತೋರಿಸಿದಳು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೂತು ಕಾಯುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ, "ಸರಿ, ಬಾ. ಕೈಕಾಲು ತೊಳ್ಕೊ," ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.